ತುಳಸಿ ಬುಡದ ಮಾತ್ರೆಗಳು

ಪಪ್ಪಾ,

ಇವತ್ತು ತುಳಸಿಗೆ ನೀರು ಹಾಕುವಾಗ ಮಣ್ಣಿನಲ್ಲಿ ನಿಮ್ಮ ಕ್ಯಾಲ್ಸಿಯಂ ಮಾತ್ರೆಗಳು ಸಿಕ್ಕಿದವು, ಅರ್ಧ ಕರಗಿ. ಕಸದ ಬುಟ್ಟಿಗೆ ಹಾಕಿದರೆ ಮಮ್ಮಿ ನೋಡ್ತಾರೆ ಅಂತ ಅಲ್ಲಿ ಹುಗಿದದ್ದಾ ಮಾರಾಯ್ರೆ? ದಿನಾ ಅಷ್ಟು ಹೊತ್ತು ಕೈಮುಗಿದು ನಿಲ್ಲುತ್ತಿದ್ದದ್ದು ಇದಕ್ಕಾ?

ತೂಕ ಇಳಿಸಲಿಕ್ಕೆ ಹೊಟ್ಟೆಯ ಆಪರೇಷನ್ ಆಯಿತು, ತೂಕವೂ ಇಳಿಯಿತು, ಸರಿ. ಆದರೆ ಮಾತ್ರೆ ಬಿಟ್ಟರೆ ಮೂಳೆ ಸವೆಯುತ್ತದೆ ಅಂತ ಡಾಕ್ಟರ್ ನಿಮ್ಮೆದುರೇ ಹೇಳಿದ್ದಲ್ವಾ?

ಹೊಸ ಡಬ್ಬಿ ಫ್ರಿಜ್ ಮೇಲಿದೆ. ತಿಂಡಿಯಾದ ಮೇಲೆ ಒಂದು ತಗೊಳ್ಳಿ. ಐರನ್ ಮಾತ್ರೆ ರಾತ್ರಿಗೆ. ಎರಡನ್ನೂ ಒಟ್ಟಿಗೆ ನುಂಗಬೇಡಿ, ಹೋಟೆಲಿನ ಚಹಾದ ಜೊತೆಗಂತೂ ಬೇಡವೇ ಬೇಡ.

ನಿನ್ನೆ ಕಲ್ಯಾಣ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ನನ್ನ ಭುಜ ಹಿಡಿದುಕೊಂಡಿರಿ. ನಿಮಗೆ ಆ ಅಭ್ಯಾಸವೇ ಇರಲಿಲ್ಲ.

ರಬಾಳೆಗೆ ಡ್ಯೂಟಿಗೆ ಹೊರಟೆ. ಮಮ್ಮಿಗೆ ಇನ್ನೂ ಹೇಳಿಲ್ಲ. ನಾಳೆಯೂ ತುಳಸಿಗೆ ನೀರು ಹಾಕುವುದು ನಾನೇ.

ಅಶ್ಮಿತಾ