ಜಡೆಯೊಳಗಿನ ನಾಲ್ಕು ಕಾಳು

ಗಾಳಿಬೀಡು
ಸೋಮವಾರ

ಮಗಳು ನಿಶ್ಮಾಳಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಈ ಕಾಗದವನ್ನು ಒಬ್ಬಳೇ ಇದ್ದಾಗ ಓದು. ಫೋನಿನಲ್ಲಿ ಹೇಳಿದರೆ ಅಪ್ಪನಿಗೆ ಕೇಳಿಸುತ್ತದೆ.

ನಿಮ್ಮ ರೋವರಿಗೆ ಮಂಗಳ ಗ್ರಹದಲ್ಲಿ ಹಿಂದೆ ಜೀವ ಇದ್ದ ಕುರುಹು ಸಿಕ್ಕಿರಬಹುದು ಎಂದು ಟಿವಿಯಲ್ಲಿ ಬಂತು. ಅಪ್ಪ "ನಮ್ಮ ನಿಶ್ಮನ ರೋವರಿಗೆ ಜೀವ ಸಿಕ್ಕಿತ್" ಎನ್ನುತ್ತಾ ಮೂರ್ನಾಡಿನವರೆಗೂ ಲಾಡು ಹಂಚಿ ಬಂದರು. ನನಗೆ ಮಾತ್ರ ಅನ್ನ ಇಳಿಯುತ್ತಿಲ್ಲ.

ಆ ರೋವರನ್ನು ಕಳಿಸುವ ಮೊದಲು ನೀನು ಹುತ್ತರಿ ಹಬ್ಬಕ್ಕೆ ಬಂದಿದ್ದೆಯಲ್ಲ. ಹೊಸ ಭತ್ತದ ಕದಿರನ್ನು ಬಾಗಿಲಿಗೆ, ಬಾವಿಗೆ, ಜೀಪಿಗೆ ಎಲ್ಲ ಕಟ್ಟಿದೆವು. ನಿನ್ನ ರೋವರಿಗೂ ಒಂದು ಕಟ್ಟು ಎಂದಿದ್ದಕ್ಕೆ, "ಅಲ್ಲಿ ಒಂದು ಕೂದ್ಲು ಬೀಳೋ ಹಾಗಿಲ್ಲ ಅವ್ವ" ಎಂದು ನೀನು ರೇಗಿದೆ. ಮರುದಿನ ನಿನಗೆ ಜಡೆ ಹಾಕುವಾಗ ನಾನು ನಾಲ್ಕು ಭತ್ತದ ಕಾಳನ್ನು ಒಳಗೆ ಸಿಕ್ಕಿಸಿದ್ದೆ. ನೀನು ನೇರ ರೋವರ್ ಜೋಡಿಸುವ ಡ್ಯೂಟಿಗೆ ಹೋದೆ. ಆಮೇಲೆ ಜಡೆ ಬಿಚ್ಚಿದಾಗ ನಾಲ್ಕೂ ಇದ್ದವಾ?

ಇಲ್ಲದಿದ್ದರೆ ಈಗಲೇ ನಿಮ್ಮ ದೊಡ್ಡ ಸಾಹೇಬರಿಗೆ ಹೇಳು. ತಪ್ಪು ಅವ್ವನದು ಎಂದೇ ಹೇಳು. ಹೋಲಿಸಿ ನೋಡಲು ಅದೇ ಗದ್ದೆಯ ಭತ್ತ ಇದರೊಳಗೆ ಇಟ್ಟಿದ್ದೇನೆ.

ಬೈಯಬೇಡ, ಇನ್ನೊಂದು ಮಾತು. ಅದು ನಮ್ಮ ಭತ್ತವೇ ಆಗಿದ್ದರೆ, ಮೊಳಕೆ ಬಂದಿದೆಯಾ ನೋಡಿ ಬರೆ.

ನಿನ್ನ ಅವ್ವ