ಅಮ್ಮನ ಕತ್ತಿಗೆ ಸಾಣೆ

ಮೇ ೪, ಭಾನುವಾರ
ನಲ್ಲಿ ನೀರು ಆರಕ್ಕೇ ನಿಂತಿತು. ಅಷ್ಟರೊಳಗೆ ಬಟ್ಟೆ ಮಷೀನಿಗೆ ಹಾಕಿ ಆಗಿತ್ತು. ಲಾಫ್ಟ್ ಖಾಲಿ ಮಾಡಿದೆ. ನಾಳೆ ವಾಟರ್‌ಪ್ರೂಫಿಂಗಿನವರು ಬರುತ್ತಾರೆ. ಹಳೆಯ ಕುಕ್ಕರಿನ ಹಿಂದೆ, ಗೋಣಿಯಲ್ಲಿ ಸುತ್ತಿದ, ಅಮ್ಮ ಹಲಸು ಕೊಯ್ಯುತ್ತಿದ್ದ ಕತ್ತಿ. ಹಿಡಿ ಸೀಳಿದೆ. ತುದಿಯ ಕೊಕ್ಕೆಯವರೆಗೂ ತುಕ್ಕು.
"ಗುಜರಿಗೆ ಹಾಕು ಮಾರಾಯ್ತಿ" ಎಂದರು ಇವರು.
ಹಾಕಲಿಲ್ಲ.

ಮೇ ೫
ಕತ್ತಿ ಬಾಲ್ಕನಿಯಲ್ಲಿ ವಿನೆಗರಿನೊಳಗೆ ಮಲಗಿದೆ. ಮನೆಯಿಡೀ ಉಪ್ಪಿನಕಾಯಿಯಂಥ ಹುಳಿ ವಾಸನೆ.
ಎಂಟು ವರ್ಷದ ಹಿಂದೆ, ಅಮ್ಮ ಹೋದಮೇಲೆ ಬೊಜ್ಜದ ಊಟದ ದಿನ, ಪ್ರಫುಲ್ಲಕ್ಕ ಇದನ್ನು ಕೇಳಿದ್ದಳು. ಬೇರೇನೂ ಬೇಡ, ಕತ್ತಿಯೊಂದು ಸಾಕು ಎಂದು. ಕೊಡುವುದಿಲ್ಲ ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. "ನಿನ್ನ ಕ್ಯಾಂಟೀನಿನಲ್ಲಿ ಉಳಿದದ್ದನ್ನೇ ಅಮ್ಮನಿಗೆ ತಿನ್ನಿಸಿದವಳು ನೀನು" ಎಂದೂ ಅಂದೆ. ನೆಂಟರೆಲ್ಲ ಎಲೆಯ ಮುಂದೆ ಕೂತಿದ್ದರು.
ಎರಡು ವರ್ಷ ಅಮ್ಮನ ಹೇಲುಚ್ಚೆ ತೆಗೆದವಳು ಅಕ್ಕ. ನಾನು ತಿಂಗಳಿಗೊಮ್ಮೆ ಡೊಂಬಿವಲಿಯಿಂದ ಸೀವುಡ್ಸಿನ ಅವಳ ಮನೆಗೆ ಹೋಗಿ ಚಹಾ ಕುಡಿದು ಬರುತ್ತಿದ್ದೆ.
ಆಮೇಲೆ ಫೋನೂ ಇಲ್ಲ.

ಮೇ ೬, ರಾತ್ರಿ ಊಟಕ್ಕೆ ಮೊದಲು
ಸ್ಟೀಲ್ ನಾರಿನಿಂದ ತಿಕ್ಕಿದೆ. ಕೆಂಪು ನೀರು ಇಳಿಯಿತು. ಕೆಳಗೆ ಕಪ್ಪು ಕಬ್ಬಿಣ, ಅಲ್ಲಲ್ಲಿ ಗುಳಿ. ಅಂಚು ಎರಡು ಕಡೆ ಮುಕ್ಕಾಗಿದೆ. ಒರೆಸಿ ತೆಂಗಿನೆಣ್ಣೆ ಹಚ್ಚಿಟ್ಟೆ.
ಅಕ್ಕನಿಗೆ ಕೊಡುತ್ತೇನೆ.

ಮೇ ೧೧, ಭಾನುವಾರ
ಸೈಕಲ್ಲಿನಲ್ಲಿ ಸಾಣೆ ಹಿಡಿಯುವ ಧಾರ್‌ವಾಲಾ ಬಂದಿದ್ದ. ಅವನ ಚಕ್ರದ ಕಿಡಿ ನೋಡಿ ಬೇಡವೆನಿಸಿತು. ಬಿಸಿಯಾದರೆ ಹದ ಹೋಗುತ್ತದೆ ಎನ್ನುತ್ತಿದ್ದಳು ಅಮ್ಮ. ನಾನೇ ಕೂತೆ. ಮೊದಲು ಆ ಮುಕ್ಕು ಹೋಗುವವರೆಗೆ ಅರದಿಂದ ಅಂಚು ಸವೆಸಿದೆ. ಆಮೇಲೆ ಸಾಣೆಕಲ್ಲು, ನೀರು. ಒಂದು ಬದಿ ಉಜ್ಜುತ್ತಾ ಹೋದರೆ ಇನ್ನೊಂದು ಬದಿಗೆ ಸಣ್ಣ ತರಿ ಏಳುತ್ತದೆ, ಬೆರಳಿಗೆ ಗೊತ್ತಾಗುತ್ತದೆ. ಆಗ ಮಗುಚಬೇಕು. ಕೊಕ್ಕೆಯ ಒಳಗೆ ಕಲ್ಲು ಹೋಗದು. ಲಟ್ಟಣಿಗೆಗೆ ಪಾಲಿಶ್ ಪೇಪರ್ ಸುತ್ತಿ ಉಜ್ಜಿದೆ. ಭುಜ ಬಿದ್ದುಹೋಗಿದೆ.

ಮೇ ೧೭
ಗಲ್ಲಿಯ ಬಡಗಿ ಹೊಸ ಹಿಡಿ ಮಾಡಿಕೊಟ್ಟ. ಇವರೇ ಅಂಟು ಹಾಕಿ ಕೂರಿಸಿದರು.
"ಫೋನ್ ಮಾಡಿ ಹೋಗು."
"ಮಾಡಿದರೆ ಬರಬೇಡ ಅಂತಾಳೆ."

ಮೇ ೧೮, ಸೀವುಡ್ಸ್, ಮಧ್ಯಾಹ್ನ ೩
ಬೆಳಿಗ್ಗೆಯಿಂದ ಆದದ್ದನ್ನು ಸರಿಯಾಗಿ ಬರೆದಿಡಬೇಕು.
ಕತ್ತಿಯನ್ನು ಪೇಪರಿನಲ್ಲಿ ಸುತ್ತಿ ಬಟ್ಟೆಚೀಲಕ್ಕೆ ಹಾಕಿದ್ದೆ. ಥಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿದೆ. ಇಲ್ಲಿ ಇಳಿದು ಹೊರಬರುವಾಗ ಒಬ್ಬ ಪೊಲೀಸ್ ಹೆಂಗಸು ತಡೆದಳು. ನೋಡಿದರೆ ಕೊಕ್ಕೆ ಪೇಪರನ್ನೂ ಚೀಲವನ್ನೂ ಕೊಯ್ದು ಹೊರಗೆ ಇಣುಕುತ್ತಿದೆ!
"ಮಾವಶಿ, ಕೋಯ್ತಾ? ಟ್ರೇನ್‌ಮಧ್ಯೇ?"
ರೈಲಿನಲ್ಲಿ ಕತ್ತಿಯೇ ಎಂದು ಅವಳ ಪ್ರಶ್ನೆ. ಹಲಸು ಕೊಯ್ಯುವುದು ಎಂದೆ. ಅಮ್ಮನದು ಎಂದೆ. ನನ್ನ ಮರಾಠಿ ತೊದಲಿತು. ಒಳಗೆ ಬೆಂಚಿನ ಮೇಲೆ ಕೂರಿಸಿದರು. ಜನ ನೋಡುತ್ತಾ ಹೋದರು. ಇಲ್ಲಿ ಪರಿಚಯದವರು ಯಾರಾದರೂ ಇದ್ದರೆ ಕರೆಸಿ ಎಂದಳು.
ನಂಬರ್ ಬಾಯಿಗೇ ಬಂತು.
"ಅಕ್ಕ, ನಾನು ಜಯ. ಪೊಲೀಸರು ಹಿಡಿದಿದ್ದಾರೆ."
"...ಎಂತಕ್ಕೆ?"
"ಅಮ್ಮನ ಕತ್ತಿ ತಂದಿದ್ದೆ. ನಿನಗೆ."
ಫೋನ್ ಕಟ್ಟಾಯಿತು.
ಬರುವುದಿಲ್ಲ ಎಂದುಕೊಂಡೆ. ಇಪ್ಪತ್ತು ನಿಮಿಷಕ್ಕೆ ಬಂದಳು, ನೈಟಿಯ ಮೇಲೆ ದುಪ್ಪಟ್ಟಾ ಎಳೆದುಕೊಂಡು, ಏದುಸಿರು ಬಿಡುತ್ತಾ. ತಲೆ ಪೂರ್ತಿ ಬೆಳ್ಳಗಾಗಿದೆ.
ನಿಮ್ಮ ತಂಗಿಯೇ ಎಂದು ಪೊಲೀಸಿನವಳು ಕೇಳಿದಳು. ಅಕ್ಕ ನನ್ನನ್ನೇ ನೋಡಿದಳು.
"ಹೋ. ಧಾಕಟೀ ಬಹೀಣ್."
ತಂಗಿಯೇ ಹೌದು ಎಂದು. ಮತ್ತೆ ಪೊಲೀಸಿನವಳು: ಕೋಯ್ತಾ ಯಾರದು?
"ನಮ್ಮ ಅಮ್ಮನದು" ಎಂದಳು, ಮರಾಠಿಯಲ್ಲಿ. 'ನಮ್ಮ' ಎಂದಳು.
ಇಬ್ಬರ ಆಧಾರ್ ನಂಬರ್ ಬರೆದುಕೊಂಡರು. ಇನ್ನು ಇದನ್ನು ಹಿಡಿದು ಗಾಡಿ ಹತ್ತಬೇಡಿ ಎಂದು ಗದರಿಸಿ, ಪೊಲೀಸಿನವಳು ಅಂಚಿಗೆ ಹೆಬ್ಬೆರಳು ತಾಗಿಸಿ ನೋಡಿದಳು. "ಧಾರ್ ಮಸ್ತ್ ಆಹೇ." ಹರಿತ ಜೋರಾಗಿದೆಯಂತೆ.
ಅಕ್ಕ ಚೀಲ ತಗೊಂಡು ಮುಂದೆ ನಡೆದಳು. ಮೂಲೆಯ ಅಂಗಡಿಯಲ್ಲಿ ಒಂದು ಹಲಸು ತಗೊಂಡಳು. ಮನೆಯಲ್ಲಿ ನೆಲಕ್ಕೆ ಪೇಪರ್ ಹಾಸಿ, ಕೈಗೆ ಎಣ್ಣೆ ಸವರಿ, ಎರಡೇ ಏಟಿಗೆ ಸೀಳಿದಳು.
ಆಗ ಹೇಳಿದೆ. "ಅಕ್ಕ, ಆ ದಿನ ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯಿತು."
ಮೇಣ ಒರೆಸುತ್ತಲೇ ಹೇಳಿದಳು: "ಅಮ್ಮನಿಗೆ ನಾನು ಮನೆಯಲ್ಲಿ ಮಾಡಿದ್ದು ಆಗ್ತಿರಲಿಲ್ಲ ಜಯ. ಕ್ಯಾಂಟೀನಿನದ್ದೇ ಬೇಕು ಅಂತ ಹಟ. ಬೆಳಿಗ್ಗೆ ಒಲೆಯಿಂದ ಇಳಿಸಿದ ಮೊದಲ ಇಡ್ಲಿ ಅವಳಿಗೇ ಹೋಗ್ತಿತ್ತು. ನೀನು ಕೇಳಿದ್ರೆ ಹೇಳ್ತಿದ್ದೆ."
ಕತ್ತಿ ಮಗುಚಿ ಇನ್ನೊಂದು ಬದಿ ಒರೆಸುತ್ತಾ — "ಕೇಳ್ಲಿಲ್ಲ ನೀನು."
ಪಕ್ಕದಲ್ಲಿ ಕೂತು ಸೊಳೆ ಬಿಡಿಸಿದೆ. ಅರ್ಧ ಹಣ್ಣು ಮುಗಿದ ಮೇಲೆ ಒಂದು ಸೊಳೆ ನನ್ನ ಕಡೆ ನೂಕಿದಳು. ತಿಂದೆ.
ಕೈಯ ಮೇಣ ಹೋಗಿಲ್ಲ, ಪೆನ್ನು ಅಂಟುತ್ತಿದೆ. ಇವತ್ತು ಇಲ್ಲೇ ಇರು ಎಂದಿದ್ದಾಳೆ. ಇವರಿಗೆ ಫೋನ್ ಮಾಡಬೇಕು. ಅಡುಗೆಮನೆಯಿಂದ ಕರೆಯುತ್ತಿದ್ದಾಳೆ — "ಜಯಾ, ಎಂತ ಬರೆಯುದು ಅಷ್ಟು?"
ಬಂದೆ ಅಕ್ಕ, ಇದೊಂದು ಸಾಲು—