ಪೋಷಕರ ಸಭೆಯಲ್ಲಿ ನಾನು ಹೇಳಿದ್ದು

ಗೋಣಿಬೀಡು
ಫೆಬ್ರವರಿ ೨೦೦೩

ವಿಶ್ವವಿದ್ಯಾಲಯದಿಂದ ನಮ್ಮ ಕಾಲೇಜು ನೋಡಲು ಬಂದಿದ್ದ ಸಮಿತಿಯ ಹಿರಿಯರಿಗೆ ಗುರುವಯ್ಯನ ನಮಸ್ಕಾರಗಳು.

ಸೋಮವಾರ ಪೋಷಕರ ಸಭೆಯಲ್ಲಿ ತಾವು, "ಮಗಳು ಯಾವ ತರಗತಿ?" ಎಂದು ಕೇಳಿದಿರಿ. "ಕೊನೇ ವರ್ಷ" ಎಂದೆ. ಅದು ಸುಳ್ಳು. ನನ್ನ ಸುಗುಣ ಹೋದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ಆಫೀಸಿನವರು ಹಳೆಯ ಪಟ್ಟಿ ನೋಡಿ ನನ್ನನ್ನು ಕರೆದಿದ್ದರು. ಅವರನ್ನು ದೂರಬೇಡಿ, ನಾನೇ ತಿಳಿಸಿರಲಿಲ್ಲ. ಅವಳು ಇದ್ದಾಳೆ ಎಂಬಂತೆ ತಾವು ಕೇಳಿದಾಗ ಒಂದು ಗಳಿಗೆ ಸಂತೋಷವಾಯಿತು. ಅದಕ್ಕೇ ಈಗ ನಾಚಿಕೆ.

ಆದರೆ ಅರ್ಥಶಾಸ್ತ್ರದ ಚಂದ್ರಶೇಖರ ಮೇಷ್ಟ್ರು ಬಹಳ ಚೆನ್ನಾಗಿ ಪಾಠ ಮಾಡುತ್ತಾರೆ ಎಂದು ನಾನು ಹೇಳಿದ್ದು ಸುಳ್ಳಲ್ಲ. ಸಂಜೆ ಕಣದಲ್ಲಿ ಒಣಹಾಕಿದ ಕಾಫಿ ಗುಡ್ಡೆ ಮಾಡುವಾಗ ಅವಳು ಅಂದಿನ ಪಾಠವನ್ನೆಲ್ಲ ನನಗೆ ಒಪ್ಪಿಸುತ್ತಿದ್ದಳು. "ಬೇಡಿಕೆ ಅಂದ್ರೆ ಬರೀ ಆಸೆ ಅಲ್ಲ ಮಾರಾಯ, ಕೊಳ್ಳೋ ಶಕ್ತೀನೂ ಬೇಕು. ಎಲ್ಲಿ, ಈಗ ನೀನು ಹೇಳು ನೋಡಾಣ" ಎನ್ನುತ್ತಿದ್ದಳು. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದ ನನಗೂ ಅರ್ಥವಾಗುತ್ತಿತ್ತು.

ಮೇಷ್ಟ್ರು ಅವಳ ಮಣ್ಣಿಗೆ ಬಂದಿದ್ದವರು. ಸಭೆಯ ದಿನ ಬಾಗಿಲಲ್ಲೇ ನಿಂತಿದ್ದರು. ನನ್ನ ಮಾತು ಕೇಳಿ ತಲೆ ತಗ್ಗಿಸಿದರು. ಆಮೇಲೆ, "ಗುರುವಯ್ಯನೋರೆ, ಊಟ ಮಾಡ್ಕೊಂಡೇ ಹೋಗ್ಬೇಕು" ಎಂದರು, ಅಷ್ಟೇ. ನಾಳೆ ಬೇರೆ ಯಾರಾದರೂ ನಿಜ ತಿಳಿಸಿದರೆ, ಹೊಗಳಿಸಿಕೊಳ್ಳಲು ಅವರೇ ನನ್ನನ್ನು ಕೂರಿಸಿದ್ದರು ಎಂದು ತಾವು ಎಣಿಸಬಾರದಲ್ಲ, ಅದಕ್ಕೇ ಈ ಕಾಗದ.

ದಯವಿಟ್ಟು ಪೋಷಕರ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿ. ಮೇಷ್ಟ್ರ ಬಗೆಗಿನ ಮಾತು ಮಾತ್ರ ಹಾಗೇ ಇರಲಿ. ಅದು ಅವಳದು.

ಇಂತಿ,
ಗುರುವಯ್ಯ
ಸುಗುಣಳ ತಂದೆ